ಗೌನಮ್ಮನ ಬಣ್ಣದ ಲೆಕ್ಕ

ಕಾಲೇಜಿನ ಗೇಟಿನ ಎದುರು, ಮಹಡಿ ಮೆಟ್ಟಿಲ ಕೆಳಗಿನ ಇಕ್ಕಟ್ಟು ಅಂಗಡಿಯಲ್ಲಿ ಗೌನಮ್ಮ ಕೂರುತ್ತಾಳೆ. ಪದವಿ ಪ್ರದಾನದ ದಿನ ಹುಡುಗ ಹುಡುಗಿಯರು ತೊಡುವ ಕರಿ ಗೌನುಗಳನ್ನು ಹೊಲಿದು, ಒಗೆದು, ಇಸ್ತ್ರಿ ಹಾಕಿ ಬಾಡಿಗೆಗೆ ಕೊಡುವುದು ಅವಳ ಕಸುಬು. ಮೆಟ್ಟಿಲ ಇಳಿಜಾರಿನಿಂದಾಗಿ ಅಂಗಡಿಯ ಹಿಂಭಾಗದಲ್ಲಿ ನೆಟ್ಟಗೆ ನಿಲ್ಲುವಂತಿಲ್ಲ. ಹೊಸಬರು ಹಣೆ ಚಚ್ಚಿಸಿಕೊಳ್ಳುತ್ತಾರೆ. "ತಲೆ ಜೋಪಾನ, ಅದರ ಮೇಲೆ ಟೋಪಿ ಕೂರಬೇಕು," ಎನ್ನುವುದು ಗೌನಮ್ಮನ ಹಳೆಯ ಜೋಕು. ಯಾರೂ ನಗದಿದ್ದರೆ ಅವಳೇ ನಗುತ್ತಾಳೆ.

ಗೌನೆಲ್ಲ ಕರಿಯೇ. ಹೆಗಲ ಮೇಲಿನ ಪಟ್ಟಿಯ ಬಣ್ಣ ಮಾತ್ರ ಬೇರೆ ಬೇರೆ. ಕಾಮರ್ಸಿಗೆ ಹಸಿರು, ವಿಜ್ಞಾನಕ್ಕೆ ನೀಲಿ, ಕಾನೂನಿಗೆ ಕೆಂಪು. ಇತಿಹಾಸ, ಭೂಗೋಳ, ಭಾಷೆ ಎಂದು ಓದುವ ಕಲಾ ವಿಭಾಗದವರಿಗೆ ಬಿಳಿ. ಗೌನಮ್ಮ ಕೋರ್ಸಿನ ಹೆಸರು ಹೇಳುವುದೇ ಇಲ್ಲ, ಬಣ್ಣ ಹೇಳುತ್ತಾಳೆ. "ಜೆರಾಕ್ಸಿನವನ ಅಳಿಯ ಗೊತ್ತಿಲ್ವಾ? ಅದೇ, ನೀಲಿ, ಸ್ವಲ್ಪ ಕುಳ್ಳಗೆ, ಗೌನು ನೆಲ ಗುಡಿಸ್ತಿತ್ತಲ್ಲ!" ಕೇಳಿ ಕೇಳಿ ಬೀದಿಯವರಿಗೂ ಅದೇ ಭಾಷೆ ಬಂದುಬಿಟ್ಟಿದೆ.

ಹೈಸ್ಕೂಲು ಮುಗಿಸಿದ ಹೊಸದರಲ್ಲಿ ಅವಳು ಸೋದರತ್ತೆಯ ಈ ಅಂಗಡಿಗೆ ಬಂದದ್ದು. "ಒಂದು ವರ್ಷ ಅತ್ತೆಗೆ ಕೈಯಾಸರೆಯಾಗಿರು, ಆಮೇಲೆ ಕಾಲೇಜಿನ ಮಾತು," ಎಂದಿದ್ದರು ಮನೆಯವರು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ ನೋಡಿ. ಅತ್ತೆ ಹೋದರು, ಮೆಷಿನ್ನು ಉಳಿಯಿತು. ಮದುವೆಯಾಯಿತು, ಗಂಡ ಸರಕಿನ ವ್ಯಾನು ಓಡಿಸುತ್ತಾ ವಾರಕ್ಕೊಮ್ಮೆ ಮುಖ ತೋರಿಸುವವನು. ಒಬ್ಬಳು ಮಗಳಾದಳು. ಇಷ್ಟು ವರ್ಷ ಗೇಟಿನ ಎದುರಿಗೇ ಕೂತರೂ ಗೌನಮ್ಮ ಆ ಗೇಟು ದಾಟಿ ಒಳಗೆ ಕಾಲಿಟ್ಟವಳಲ್ಲ. "ಒಳಗೆ ನನಗೇನು ಕೆಲಸ? ಬೇಕಾದೋರು ಅವರೇ ಬರ್ತಾರೆ," ಎನ್ನುತ್ತಾಳೆ. ನಿಜವಾದ ಕಾರಣ ಅದಲ್ಲ. ವಾಚ್‌ಮನ್ ಅಡ್ಡ ಹಾಕಿ "ನಿಮಗೇನು ಬೇಕಮ್ಮ?" ಎಂದು ಕೇಳಿಬಿಟ್ಟರೆ ಏನು ಹೇಳುವುದೆಂದು ಅವಳಿಗೆ ಹೊಳೆಯುತ್ತಿರಲಿಲ್ಲ.

ಇಂಥವಳ ಹತ್ತಿರ ಊರೆಲ್ಲ ಡಿಗ್ರಿಯ ಸಲಹೆ ಕೇಳುತ್ತದೆ ಎಂದರೆ ನಂಬುತ್ತೀರಾ? ಕೇಳುತ್ತದೆ ಸ್ವಾಮಿ. ಅಡ್ಮಿಷನ್ ಸಮಯ ಬಂತೆಂದರೆ ಸಾಕು, ಒಳಗೆ ಹೋಗಿ ಮೇಷ್ಟರುಗಳನ್ನು ಕೇಳಿ ತಲೆಕೆಟ್ಟವರು ಹೊರಗೆ ಬಂದು ಇವಳ ಮುಂದೆ ನಿಲ್ಲುತ್ತಾರೆ. ಯಾವುದು ತಗೊಂಡರೆ ಕೆಲಸ ಸಿಗುತ್ತೆ? ಹೆಸರಾದ ಕಾಲೇಜಿಗೆ ದೂರ ಕಳಿಸೋದಾ, ಮನೆ ಹತ್ತಿರದ್ದೇ ಸಾಕಾ? ಡಿಗ್ರಿ ಇಲ್ಲದೇನೂ ನನ್ನ ಭಾವಮೈದ ಎರಡು ಅಂಗಡಿ ಇಟ್ಟಿದ್ದಾನೆ, ಹಾಗಾದ್ರೆ ಇದೆಲ್ಲ ಯಾಕೆ? ಹುಡುಗಿ ಒಂದು ಅಂತಾಳೆ, ಅವರಪ್ಪ ಒಂದು ಅಂತಾರೆ. ಎತ್ತು ಏರಿಗೆ, ಕೋಣ ನೀರಿಗೆ. ನೀವೇ ಒಂದು ಮಾತು ಹೇಳಿ ಗೌನಮ್ಮ.

ಗೌನಮ್ಮ ಹೇಳುತ್ತಿದ್ದಳು. ಎಲ್ಲದಕ್ಕೂ ಅವಳ ಹತ್ತಿರ ಒಂದೇ ತಕ್ಕಡಿ. "ಗೌನು ಸುಳ್ಳು ಹೇಳಲ್ಲ. ಯಾವ ಬಣ್ಣ ಜಾಸ್ತಿ ಹೊರಗೆ ಹೋಗುತ್ತೋ ಆ ಬಣ್ಣಕ್ಕೇ ಕಿಮ್ಮತ್ತು." ಹಸಿರಂತೂ ಸಮಾರಂಭದ ಹಿಂದಿನ ದಿನವೇ ಖಾಲಿ. ಅಪ್ಪ, ಅಮ್ಮ, ಚಿಕ್ಕಪ್ಪ, ಅಜ್ಜಿ, ಇಡೀ ದಂಡೇ ಬಂದು ಮಗನ ಹೆಗಲಿಗೆ ಅಳತೆ ನೋಡಿಸಿಕೊಂಡು ಹೋಗುತ್ತದೆ. ನೀಲಿಯೂ ಪರವಾಗಿಲ್ಲ. ಬಿಳಿ ಮಾತ್ರ ಅಂಗಡಿಯಲ್ಲಿ ಗೌನು ತೂಗುಹಾಕುವ ಕೊಳವೆಗೆ ನೇತುಬಿದ್ದು ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಕೂತಿರುತ್ತಿತ್ತು. ವರ್ಷಕ್ಕೊಂದು ಹೋದರೆ ಹೆಚ್ಚು. ಹೋದ ಆ ಒಂದೂ ಕೊರಳು ಹರಿದು, ಕೊಕ್ಕೆ ಕಿತ್ತು, ಕಂಕುಳಲ್ಲಿ ಬೆವರು ನಾರುತ್ತಾ ವಾಪಸು ಬರುತ್ತಿತ್ತು. "ಬಿಳಿಯೋರಿಗೆ ಜೋಪಾನ ಅನ್ನೋದೇ ಇಲ್ಲ. ಪಾಸಾಗ್ತಾರೋ ಇಲ್ವೋ, ಆದೋರು ಮುಖ ತೋರಿಸೋಕೆ ನಾಚ್ಕೊಳ್ತಾರೋ, ಯಾರಿಗೆ ಗೊತ್ತು? ಆ ಕಡೆ ಹೋಗ್ಬೇಡಿ," ಎನ್ನುತ್ತಿದ್ದಳು. ಆ ಒಂದು ಮಾತಿಗೆ ಎಷ್ಟು ಮಕ್ಕಳು ಬಿಳಿ ಬಿಟ್ಟು ಹಸಿರಿಗೆ ಹೋದರೋ.

ಇನ್ನು ಅವಳ ಮಗಳು. ಮಾತನ್ನು ಕಡ್ಡಿ ಮುರಿದ ಹಾಗೆ ಆಡುತ್ತಾಳೆಂದು ಚಿಕ್ಕಂದಿನಲ್ಲೇ ಅವಳಪ್ಪ ಕಡ್ಡಿ ಎಂದು ಕರೆದ. ಮೈಯೂ ಹಾಗೇ ಇದ್ದುದರಿಂದ ಹೆಸರು ಅಂಟಿತು. ಕಡ್ಡಿಗೆ ಇದ್ದ ಹುಚ್ಚು ಒಂದೇ, ದಾರಿ ಬರೆಯುವುದು. ಯಾರಾದರೂ ವಿಳಾಸ ಕೇಳಿದರೆ ಬಾಯಲ್ಲಿ ಹೇಳುವ ಜಾತಿಯಲ್ಲ. ಗೌನಿನ ಅಳತೆಗೆ ಕತ್ತರಿಸಿ ಉಳಿದ ಕಾಗದದ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೀಚಿ ಕೊಡುತ್ತಿದ್ದಳು. ಯಾವ ಗಲ್ಲಿಯಲ್ಲಿ ಮಳೆ ಬಂದರೆ ನೀರು ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ, ಮೊದಲು ಅಲ್ಲಿ ಏನಿತ್ತು, ಎಲ್ಲ ಅವಳಿಗೆ ಬೇಕು. ಹನ್ನೆರಡನೇ ತರಗತಿ ಮುಗಿಯುತ್ತಲೇ ಹೇಳಿಬಿಟ್ಟಳು: "ನಾನು ಭೂಗೋಳ ಓದ್ತೀನಿ."

ಗೌನಮ್ಮನ ಎದೆ ಧಸಕ್ಕೆಂದಿತು. ಬಿಳಿ!

"ಭೂಮಿ ಗುಂಡಗಿದೆ ಅಂತ ಆಗ್ಲೇ ಕಂಡುಹಿಡಿದಾಯ್ತಲ್ಲೇ, ಇನ್ನೇನು ಓದ್ತೀಯ ಅದರಲ್ಲಿ?"

"ಲೆಕ್ಕ ಕೂಡೋದನ್ನೂ ಕಂಡುಹಿಡಿದಾಯ್ತು. ಕಾಮರ್ಸ್ ಯಾಕೆ ಓದ್ತಾರೆ?"

"ಹೊಟ್ಟೆಗೆ ಓದ್ತಾರೆ. ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ. ವರ್ಷವೆಲ್ಲ ಆ ಬಿಳಿ ನೇತಾಡೋದನ್ನ ನೀನೂ ನೋಡಿದ್ದೀಯ."

ತಿಂಗಳೆಲ್ಲ ಇದೇ ನಡೆಯಿತು. ಗೌನಮ್ಮ ಹೆದರಿಸಿದಳು, ಅತ್ತಳು, ಗಂಡನಿಗೆ ಫೋನು ಮಾಡಿ ಬುದ್ಧಿ ಹೇಳಿಸಲು ನೋಡಿದಳು. ಅವನು ಯಾವುದೋ ಹೆದ್ದಾರಿಯ ಪಕ್ಕ ವ್ಯಾನು ನಿಲ್ಲಿಸಿಕೊಂಡು, "ಕಾಲೇಜು ನಿಮ್ಮ ಎದುರಿಗಿದೆ, ನಾನು ದಾರಿಯಲ್ಲಿದ್ದೀನಿ, ನನ್ನನ್ಯಾಕೆ ಕೇಳ್ತೀರಾ?" ಎಂದು ಜಾರಿಕೊಂಡ. ಕೊನೆಗೊಂದು ಬೆಳಿಗ್ಗೆ ಕಡ್ಡಿ ತಲೆ ಬಾಚಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು: "ಹಸಿರೇ ತಗೋತೀನಿ ಬಿಡಮ್ಮ. ನಿನಗೆ ಗೊತ್ತಿರುತ್ತೆ."

ಗೆದ್ದ ಮೇಲೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಜಗಳವಾಡುವ ಮಗಳನ್ನು ಸಂಭಾಳಿಸುವುದು ಗೌನಮ್ಮನಿಗೆ ಗೊತ್ತಿತ್ತು, ತಲೆಯಾಡಿಸುವ ಮಗಳು ಹೊಸಬಳು. ಕಡ್ಡಿ ಕಾಗದ ಗೀಚುವುದನ್ನು ಬಿಟ್ಟಳು. ದಾರಿ ಕೇಳಿದವರಿಗೆ "ಮುಂದೆ ಯಾರನ್ನಾದರೂ ಕೇಳಿ" ಎನ್ನತೊಡಗಿದಳು. ಗೌನಮ್ಮ ಜೆರಾಕ್ಸಿನವನನ್ನು ಕೇಳಿದಳು, "ಹಸಿರೇ ಒಳ್ಳೇದಲ್ವೇನಪ್ಪ?" ಅವನು ನಕ್ಕ. "ನೀವೇ ನನ್ನ ತಂಗಿ ಮಗಳಿಗೆ ಹೇಳಿದ್ರಲ್ಲ ಹಸಿರು ತಗೋ ಅಂತ. ಈಗ ನನ್ನ ಕೇಳ್ತೀರಾ?" ತಾನು ಹೇಳಿದ ಮಾತನ್ನೇ ಬೀದಿಯವರ ಬಾಯಿಂದ ವಾಪಸು ಕೇಳಿಸಿಕೊಂಡು ಧೈರ್ಯ ತಂದುಕೊಳ್ಳುವುದು, ಗಳಿಗೆ ಕಳೆದರೆ ಮತ್ತೆ ಅದನ್ನೇ ಇನ್ನೊಬ್ಬರ ಹತ್ತಿರ ಕೇಳುವುದು. ಹೀಗೇ ದಿನ ಹೋಯಿತು.

ಆ ದಿನಗಳಲ್ಲೇ ಅವಳೊಂದು ಮಾಡಬಾರದ್ದನ್ನು ಮಾಡಿದಳು. ಪಾಸಾಗುವ ಮೊದಲು ಗೌನು ಮುಟ್ಟಬಾರದು ಎಂಬುದು ಅವಳದೇ ಕಟ್ಟುನಿಟ್ಟು. ತಮಾಷೆಗೆ ಹಾಕಿನೋಡಲು ಬಂದ ಹುಡುಗರನ್ನು "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತೀರಾ? ನಡೀರಿ ಆಚೆ!" ಎಂದು ಅಟ್ಟುತ್ತಿದ್ದವಳು. ಅವಳೇ ಮಗಳ ಹಳೆಯ ಅಂಗಿಯೊಂದರ ಅಳತೆ ಇಟ್ಟುಕೊಂಡು, ಒಳ್ಳೆಯ ಬಟ್ಟೆ ತಂದು, ಯಾರಿಗೂ ಹೇಳದೆ ಒಂದು ಗೌನು ಹೊಲಿದಳು. ಹೆಗಲಿಗೆ ಹಸಿರು. ಹೊಲಿದು ಮಡಿಸಿ ಟ್ರಂಕಿನ ತಳದಲ್ಲಿಟ್ಟಳು. ಅದು ಅಲ್ಲಿದ್ದರೆ ಮೂರು ವರ್ಷ ತಾನಾಗಿ ಸರಿಹೋಗುತ್ತದೆ ಎಂದು ಅವಳ ಪಾಪದ ಆಸೆ.

ಕೋರ್ಸು ಹೇಳಿ ಸೇರಿಕೊಳ್ಳಲು ಕೊನೆಯ ದಿನ ಬಂತು. ಕಾಲೇಜಿನ ಅಡ್ಮಿಷನ್ ಕಿಟಕಿ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ. ಕಡ್ಡಿ ಊಟ ಮುಗಿಸಿ ರಸ್ತೆ ದಾಟಿ ಹೋದಳು. ಗೌನಮ್ಮ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಳು. ಹಿಂದಿನ ದಿನವಷ್ಟೇ ಪದವಿ ಪ್ರದಾನ ಮುಗಿದಿತ್ತು. ವಾಪಸು ಬಂದ ಗೌನುಗಳು ಗುಡ್ಡೆ ಬಿದ್ದಿದ್ದವು. ಕೈ ಕೆಲಸದಲ್ಲಿ, ಕಣ್ಣು ಗೇಟಿನಲ್ಲಿ.

ಆಗ ಒಬ್ಬಳು ಹುಡುಗಿ ಬಂದಳು. ಈ ಸಲ ಹೋಗಿದ್ದ ಒಂದೇ ಒಂದು ಬಿಳಿ ಅವಳ ಕೈಯಲ್ಲಿತ್ತು. ಕೊರಳು ಹರಿದು ನೇತಾಡುತ್ತಿತ್ತು, ಕೊಕ್ಕೆ ಮಾಯ.

ಗೌನಮ್ಮನ ಒಳಗಿನ ಕಳವಳವೆಲ್ಲ ಅವಳ ಮೇಲೆ ಹರಿಯಿತು. "ಅಲ್ಲಾ, ಪ್ರತಿ ವರ್ಷ ನಿಮ್ಮದೇ ಹರಿಯೋದು! ಗೌನು ಹಾಕ್ಕೊಂಡು ಕುಸ್ತಿ ಆಡ್ತೀರೇನ್ರೇ? ಹಸಿರಿನೋರು ನೋಡು, ಮಡಿಕೆ ಕೆಡದ ಹಾಗೆ ತಂದು ಕೊಡ್ತಾರೆ."

ಹುಡುಗಿ ನಾಲಿಗೆ ಕಚ್ಚಿಕೊಂಡಳು. "ಸಾರಿ ಅಮ್ಮ. ಒಬ್ಬಳೇ ಹಾಕ್ಕೊಂಡಿದ್ರೆ ಹರೀತಿರ್ಲಿಲ್ಲ."

"ಅಂದ್ರೆ?"

"ಅಂದ್ರೆ... ಇಡೀ ಕ್ಲಾಸು ಹಾಕ್ಕೊಂಡಿದೆ. ಎಲ್ಲರೂ ಸೇರಿ ಒಂದೇ ಬಾಡಿಗೆಗೆ ತಗೊಳ್ಳೋದು. ಲೈಬ್ರರಿ ಗೋಡೆ ಹಿಂದೆ ನಿಂತು ಒಬ್ಬರಾದ ಮೇಲೆ ಒಬ್ಬರು ತೊಟ್ಟು ಫೋಟೋ ತೆಗೆಸ್ಕೊಳ್ಳೋದು. ದಪ್ಪ ಇರೋರೂ ಅದೇ, ಸಣ್ಣ ಇರೋರೂ ಅದೇ. ನಮ್ಮ ಸೀನಿಯರ್‌ಗಳು ಹೇಳಿಕೊಟ್ಟಿದ್ದು, ಅವರಿಗೆ ಅವರ ಸೀನಿಯರ್‌ಗಳು. ಮೊದಲಿಂದಲೂ ಹೀಗೇ." ಹುಡುಗಿ ನಗುತ್ತಲೇ ಹೇಳಿದಳು, ಗೌನಮ್ಮನ ಮುಖ ನೋಡಿ ನಗು ನಿಲ್ಲಿಸಿದಳು. "ನಿಮಗೆ ಗೊತ್ತಿದೆ ಅಂದ್ಕೊಂಡಿದ್ವಿ."

ಇಸ್ತ್ರಿಪೆಟ್ಟಿಗೆ ಗೌನಿನ ಮೇಲೇ ನಿಂತಿತ್ತು. ಸುಟ್ಟ ವಾಸನೆ ಬಂದಾಗ ಗೌನಮ್ಮ ಅದನ್ನು ಎತ್ತಿದಳು.

"ಎಷ್ಟು ಜನ ಇದ್ರಿ ಕ್ಲಾಸಲ್ಲಿ?"

"ಬೆಂಚು ಸಾಲದೆ ಕಿಟಕಿ ಕಟ್ಟೆ ಮೇಲೆ ಕೂರ್ತಿದ್ವಿ ಅಮ್ಮ."

ಇಷ್ಟು ವರ್ಷದ ಲೆಕ್ಕ! ಒಂದು ಗೌನು ಹೋದರೆ ಒಬ್ಬರು ಪಾಸಾದರು ಎಂದು ತಿಳಿದು ಕೂತಿದ್ದಳಲ್ಲ ಈ ಮಹಾತಾಯಿ. ಹರಿದ ಕೊರಳು ವರ್ಷವರ್ಷವೂ ಬಂದು ಮುಖಕ್ಕೆ ಹೇಳುತ್ತಿತ್ತು. ಹೊಲಿದು ನೇತುಹಾಕಿದಳೇ ಹೊರತು ಯಾಕೆ ಹರಿಯಿತೆಂದು ಕೇಳಲಿಲ್ಲ. ಒಂದು ಕ್ಷಣ ಅವಳಿಗೆ ಖುಷಿಯೂ ಆಯಿತು: ಹಾಗಾದರೆ ಬಿಳಿಗೂ ಜನ ಇದ್ದಾರೆ! ಮರುಕ್ಷಣವೇ ಇನ್ನೊಂದು ಹುಳ ಹೊಕ್ಕಿತು. ಇಷ್ಟೊಂದು ಜನರಿದ್ದೂ ತಲೆಗೊಂದು ಗೌನು ತೆಗೆದುಕೊಳ್ಳಲಾರದ ಸ್ಥಿತಿಯೇ?

"ಓದಿ ಏನಾದ್ರಿ ನೀವೆಲ್ಲ? ಕೆಲಸ?" ಅವಳ ದನಿ ಬೇಡುವವರ ದನಿಯಾಗಿತ್ತು.

"ಒಬ್ಬಳು ಪತ್ರಿಕೆ ಆಫೀಸಲ್ಲಿದ್ದಾಳೆ. ಒಬ್ಬ ಚಿಕ್ಕಮಕ್ಕಳಿಗೆ ಪಾಠ ಹೇಳ್ತಾನೆ. ಒಬ್ಬ ಬಟ್ಟೆ ಅಂಗಡಿಯಲ್ಲಿ. ನಾನಿನ್ನೂ ಹುಡುಕ್ತಿದ್ದೀನಿ."

"ತಪ್ಪು ಮಾಡಿದೆ ಅನ್ಸುತ್ತಾ?"

ಹುಡುಗಿ ಹರಿದ ಕೊರಳನ್ನು ಬೆರಳಲ್ಲಿ ನೀವುತ್ತಾ ಯೋಚಿಸಿದಳು. "ಓದಿದ್ದು ಇಷ್ಟ ಆಯ್ತು ಅಮ್ಮ. ಮುಂದಿನದು ನೆನೆಸ್ಕೊಂಡ್ರೆ ಭಯ ಆಗುತ್ತೆ. ಎರಡೂ ನಿಜ."

ಇದನ್ನು ಯಾವ ತಕ್ಕಡಿಯಲ್ಲಿಟ್ಟು ತೂಗಲಿ? ಗೌನಮ್ಮನಿಗೆ ಒಂದೇ ಸಂಗತಿ ಸ್ಪಷ್ಟವಾಗಿತ್ತು. ತನಗೆ ಏನೇನೂ ಗೊತ್ತಿಲ್ಲ. "ನಿನಗೆ ಗೊತ್ತಿರುತ್ತೆ" ಎಂದು ನಂಬಿ ಮಗಳು ಕಿಟಕಿಯ ಮುಂದೆ ನಿಂತಿದ್ದಾಳೆ. ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತಿರವಿತ್ತು.

"ಇಲ್ಲೇ ಕೂತಿರು. ಯಾರಾದ್ರೂ ಬಂದ್ರೆ ಅಂಗಡಿ ಇಲ್ಲ ಅನ್ನು," ಎಂದವಳೇ ಹೆಗಲ ಮೇಲಿದ್ದ ಅಳತೆಪಟ್ಟಿಯನ್ನೂ ತೆಗೆಯದೆ ರಸ್ತೆಗೆ ಇಳಿದಳು. ಸ್ಕೂಟರಿನವನೊಬ್ಬ ಬೈದು ಪಕ್ಕಕ್ಕೆ ತಿರುಗಿಸಿದ. ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ.

"ಏನು ಗೌನಮ್ಮ, ನೀವು ಈ ಕಡೆ? ನಿಮಗೇನು ಬೇಕಮ್ಮ?"

"ನನ್ನ ಮಗಳು ಬೇಕು!" ಎಂದು ಅವನ ಕೈ ಸರಿಸಿ ಒಳಗೆ ನುಗ್ಗಿದಳು.

ಉದ್ದನೆಯ ಕಾರಿಡಾರು, ಸುಣ್ಣ ಉದುರಿದ ಗೋಡೆ, ಸಾಲು ಸಾಲು ಬಾಗಿಲು. ಇದಕ್ಕೇನಾ ಇಷ್ಟು ವರ್ಷ ಹೆದರಿದ್ದು ಎಂದು ಯೋಚಿಸಲೂ ಅವಳಿಗೆ ಪುರುಸೊತ್ತಿರಲಿಲ್ಲ. ಕಾರಿಡಾರಿನ ಕೊನೆಯಲ್ಲಿ ಸಾಲು ನಿಂತಿತ್ತು. ಕಿಟಕಿಗೆ ಒಂದೇ ತಲೆ ಹಿಂದೆ ಕಡ್ಡಿ.

"ಪುಟ್ಟಾ, ತಡಿ! ಹಸಿರು ಅನ್ಬೇಡ. ನನ್ನ ಲೆಕ್ಕ ತಪ್ಪು."

ಸಾಲಿನವರೆಲ್ಲ ತಿರುಗಿದರು. ಗೌನಮ್ಮ ಏದುಸಿರಿನಲ್ಲೇ ಒಂದು ಗೌನು, ಇಡೀ ಕ್ಲಾಸು, ಲೈಬ್ರರಿ ಗೋಡೆ, ಎಲ್ಲವನ್ನೂ ಹೇಳಿದಳು. ಕಡ್ಡಿಯ ಹಿಂದೆ ತನ್ನ ಮಗಳ ಜೊತೆ ನಿಂತಿದ್ದ ಅದೇ ಬೀದಿಯ ಬಡಗಿ ಬಾಯಿ ಹಾಕಿದ. "ಏನ್ರೀ ಗೌನಮ್ಮ, ಮೊನ್ನೆ ನಮಗೆ ಹಸಿರು ಅಂತ ಖಡಾಖಂಡಿತವಾಗಿ ಹೇಳಿದ್ರಿ! ನಿಮ್ಮ ಮಾತು ಕೇಳಿ ಇವಳ ಹತ್ರ ಜಗಳ ಆಡಿ ಕರ್ಕೊಂಡು ಬಂದಿದ್ದೀನಿ. ಈಗ ಲೆಕ್ಕ ತಪ್ಪು ಅಂದ್ರೆ?"

ಅವಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. "ತಪ್ಪಾಯ್ತು ಅಣ್ಣ. ನಾನು ನೋಡಿರೋದು ಅವರು ಗೌನು ಹಾಕೋ ಒಂದೇ ದಿನ. ಹಿಂದಿನದೂ ಗೊತ್ತಿಲ್ಲ, ಮುಂದಿನದೂ ಗೊತ್ತಿಲ್ಲ. ಯಾವುದು ಒಳ್ಳೇದು ಅಂತ ನನಗೆ ಗೊತ್ತೇ ಇಲ್ಲ." ಬಡಗಿ ಏನೋ ಗೊಣಗಿ ತನ್ನ ಮಗಳ ಮುಖ ನೋಡಿದ. ಆ ಹುಡುಗಿ ಕಾಲ ಬೆರಳು ನೋಡುತ್ತಾ ನಿಂತಿದ್ದಳು.

ಕಡ್ಡಿಯ ಕಣ್ಣುಗಳು ಕೆಂಪಾಗಿದ್ದವು. "ಊರಿಗೆಲ್ಲ ಹೇಳ್ತೀಯ, ನನಗೆ ಮಾತ್ರ ಗೊತ್ತಿಲ್ಲ ಅಂತೀಯ? ಅದೂ ಇಲ್ಲಿಗೆ ಬಂದ ಮೇಲೆ?"

"ನಿನಗೆ ಬೇಕಾಗಿದ್ದು ಭೂಗೋಳ ತಾನೇ? ಅದನ್ನೇ ಹೇಳು."

"ನನಗೂ ಭಯ ಆಗುತ್ತೆ ಅಮ್ಮ!" ಕಡ್ಡಿಯ ದನಿ ಒಡೆಯಿತು. ಸಾಲು ಒಂದು ತಲೆ ಮುಂದೆ ಸರಿಯಿತು. ತಾಯಿ ಮಗಳು ಇಬ್ಬರೂ ಸರಿದರು. "ನಾನು ಹಸಿರಿಗೆ ಯಾಕೆ ಒಪ್ಪಿದೆ ಗೊತ್ತಾ? ನಿನ್ನ ಲೆಕ್ಕ ನಂಬಿ ಅಲ್ಲ. ಹಸಿರು ತಗೊಂಡು ನಾಳೆ ಏನೂ ಆಗದಿದ್ರೆ ನೀನು ಹೇಳಿದ್ದಕ್ಕೇ ತಗೊಂಡೆ ಅನ್ನಬಹುದು. ಬಿಳಿ ತಗೊಂಡು ಏನೂ ಆಗದಿದ್ರೆ ಯಾರ ಮೇಲೆ ಹಾಕಲಿ? ಆರಿಸಿದ್ದು ನಾನೇ ಆಗ್ತೀನಲ್ಲ."

ಗೌನಮ್ಮ ಮಗಳ ಮುಖವನ್ನೇ ನೋಡಿದಳು. ತಿಂಗಳಿಡೀ ತನ್ನನ್ನು ಕಾಡಿದ ಭಯವೇ ಇವಳನ್ನೂ ಕಾಡಿತ್ತು. ಮೊದಲು ಅದನ್ನು ಹಟ ಎಂದುಕೊಂಡಿದ್ದಳು, ಆಮೇಲೆ ವಿಧೇಯತೆ ಎಂದುಕೊಂಡಳು.

"ನನ್ನ ಮೇಲೇ ಹಾಕು," ಎಂದಳು.

"ಹೇಗೆ ಹಾಕಲಿ?"

"ಅಮ್ಮ ತಡೀಲಿಲ್ಲ ಅಂತ ಹಾಕು. ಬೈಯ್ಯಬೇಕು ಅನ್ನಿಸಿದಾಗ ರಸ್ತೆ ದಾಟಿ ಬಾ. ನಾನು ಎದುರುಗಡೆನೇ ಕೂತಿರ್ತೀನಿ, ಎಲ್ಲಿಗೂ ಹೋಗಲ್ಲ."

"ಯಾವ ಕೋರ್ಸಮ್ಮ? ಬೇಗ ಹೇಳಿ, ಮುಚ್ಚೋ ಹೊತ್ತಾಯ್ತು," ಎಂದ ಕಿಟಕಿಯೊಳಗಿನ ಗುಮಾಸ್ತ, ತಲೆ ಎತ್ತದೆ.

ಕಡ್ಡಿ ತಾಯಿಯ ಹೆಗಲ ಮೇಲಿದ್ದ ಅಳತೆಪಟ್ಟಿಯ ತುದಿಯನ್ನು ಹಿಡಿದುಕೊಂಡಳು, ಚಿಕ್ಕಂದಿನಲ್ಲಿ ಸೆರಗು ಹಿಡಿಯುತ್ತಿದ್ದ ಹಾಗೆ.

"ಭೂಗೋಳ," ಎಂದಳು, ಕಡ್ಡಿ ಮುರಿದ ಹಾಗೆ.

ಇಬ್ಬರೂ ರಸ್ತೆ ದಾಟಿ ಬಂದರು. ಬಿಳಿಯ ಹುಡುಗಿ ಅಂಗಡಿಯಲ್ಲಿ ಸುಮ್ಮನೆ ಕೂತಿರಲಾರದೆ ಹರಿದ ಕೊರಳಿಗೆ ತಾನೇ ಹೊಲಿಗೆ ಹಾಕಿದ್ದಳು, ಸೊಟ್ಟಪಟ್ಟಗೆ. ಅವಳು ಹೊರಟ ಮೇಲೆ ಗೌನಮ್ಮ ಟ್ರಂಕಿನ ತಳದಿಂದ ಆ ಗೌನನ್ನು ತೆಗೆದು ಮಗಳ ಮುಂದೆ ಹಿಡಿದಳು. ಕಡ್ಡಿ ಹಸಿರು ಪಟ್ಟಿ ನೋಡಿದಳು, ಅಳತೆ ತನ್ನದೇ ಎಂಬುದನ್ನೂ ನೋಡಿದಳು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿನಾ ಅಮ್ಮ? ನೀನಾ?"

"ಬಾಯ್ಮುಚ್ಚು," ಎಂದು ಗೌನಮ್ಮ ಬ್ಲೇಡು ಹುಡುಕಿ ತೆಗೆದು, ಹಸಿರು ಪಟ್ಟಿಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಬಿಳಿಯ ಹುಡುಗಿಯ "ಇನ್ನೂ ಹುಡುಕ್ತಿದ್ದೀನಿ" ಎಂಬ ಮಾತು ಕಿವಿಯಲ್ಲೇ ಇತ್ತು. ಮುಂದೆಯೂ ಇರುತ್ತದೆ, ಮೂರು ವರ್ಷ, ಅದಕ್ಕೂ ಆಚೆಗೆ. ಪಟ್ಟಿ ಪೂರ್ತಿ ಕಳಚಿ ಬಂದ ಮೇಲೆ ಕಡ್ಡಿ ಬಿಳಿ ಬಟ್ಟೆಯ ಉರುಳೆಯನ್ನು ತಾಯಿಯ ಕಡೆಗೆ ತಳ್ಳಿದಳು.

ಗೌನಮ್ಮ ಅದನ್ನು ಮುಟ್ಟಲಿಲ್ಲ. ಬರಿ ಹೆಗಲ ಗೌನನ್ನು ಮಡಿಸಿ ಮತ್ತೆ ಟ್ರಂಕಿಗಿಟ್ಟಳು.

"ಈಗಲೇ ಬೇಡ," ಎಂದಳು. "ಕೂಸು ಹುಟ್ಟಲಿ."

ಕಡ್ಡಿ ನೆಲದ ಮೇಲಿದ್ದ ಸೀಮೆಸುಣ್ಣದ ತುಂಡನ್ನು ಎತ್ತಿಕೊಂಡಳು. ಹೊರಗೆ ಯಾರೋ ಬಸ್ ನಿಲ್ದಾಣಕ್ಕೆ ದಾರಿ ಕೇಳುತ್ತಾ ನಿಂತಿದ್ದರು.